ಐದು ಮೂಲೆಯ ಕಣ್ಣು

"ಮೂಲಿಗೆ ಬಂದಾಗ ಆರನೇ ಸೀಳು ಹಾಕಬ್ಯಾಡ್ರಿ. ಅಲ್ಲಿ ಐದ ಇರಲಿ."

ನನ್ನ ಹೆಂಡತಿ ನೀಲವ್ವ ನನಗೆ ಹೇಳಿದ ಕೊನೆಯ ಮಾತು ಇದು. ಹೇಳಿ ಗೋಡೆಯ ಕಡೆ ಹೊರಳಿದಳು. ಜ್ವರದಲ್ಲಿ ಏನೋ ಅನ್ನುತ್ತಾಳೆ ಅಂದುಕೊಂಡೆ. ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು.

ಅವಳು ತೀರಿಕೊಂಡು ತಿಂಗಳು ಕಳೆದ ಮೇಲೆ ಆ ಮಾತು ಹೊತ್ತುಕೊಂಡು ಮಠದ ಅಜ್ಜನವರ ಹತ್ತಿರ ಹೋದೆ.

"ಅಜ್ಜಾರ, ಎಲ್ಲಾ ಕಡೆ ಆರು ಇರುವಾಗ ಒಂದು ಕಡೆ ಐದು ಹೆಂಗ ಸರಿ ಆಗ್ತದರಿ?" ಎಂದು ಕೇಳಿದೆ.

"ಯಾತರ ಆರು, ಯಾತರ ಐದು? ಮೊದಲಿನಿಂದ ಹೇಳು ಬಸಲಿಂಗಾ" ಎಂದರು.

ಹೇಳಿದೆ. ನಮ್ಮದು ಬಿದಿರಿನ ಕೆಲಸ. ನಮ್ಮಲ್ಲಿ ಗಂಡಸರು ಬಿದಿರು ಸೀಳುತ್ತಾರೆ, ಹೆಂಗಸರು ಹೆಣೆಯುತ್ತಾರೆ. ಮೂವತ್ತೆಂಟು ವರ್ಷ ನಾನು ಸೀಳಿದೆ, ಅವಳು ಹೆಣೆದಳು. ಬೆಳಕಿಗಾಗಿ ನಾನು ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದೆ. ಅವಳು ನನ್ನ ಬೆನ್ನ ಹಿಂದೆ. ಅವಳ ಕೈ ಹೇಗೆ ತಿರುಗುತ್ತಿತ್ತೋ ನಾನು ನೋಡಿದವನಲ್ಲ. ವರ್ಷಕ್ಕೊಂದು ಹೂಬುಟ್ಟಿ ಮಠಕ್ಕೆ ಕೊಡುತ್ತಿದ್ದಳು. ಸೀಳುಗಳ ನಡುವೆ ಜೇನುಗೂಡಿನ ಹಾಗೆ ಆರು ಮೂಲೆಯ ಕಣ್ಣು ಬಿಟ್ಟ ಬುಟ್ಟಿ. ಈ ವರ್ಷದ್ದು ತಳ ಮಾತ್ರ ಆಗಿತ್ತು.

ನಾನೇ ಮುಗಿಸೋಣ ಎಂದು ಕೂತೆ. ಪ್ರತಿ ಕಣ್ಣಿಗೂ ಆರು ಸೀಳು ಹಾಕಿದೆ. ಒಂದೂ ತಪ್ಪಲಿಲ್ಲ. ಆದರೆ ಅದು ಹರಡಿಕೊಂಡೇ ಹೋಯಿತು. ಮೇಲೇಳಲಿಲ್ಲ. ಬುಟ್ಟಿ ಮಾಡಲು ಹೋಗಿ ಚಾಪೆ ಮಾಡಿದ್ದೆ. ಮೂರು ಸಲ ಬಿಚ್ಚಿದೆ. ಇನ್ನೊಂದು ಸಲ ಬಿಚ್ಚಿದರೆ ಅವಳು ಹೆಣೆದ ತಳವೂ ಮುರಿಯುತ್ತದೆ. ಅವಳ ಕೈಯದ್ದು ಮನೆಯಲ್ಲಿ ಉಳಿದಿರುವುದು ಅದೊಂದೇ. ಮಿಕ್ಕದ್ದೆಲ್ಲ ಸಂತೆಗೋ ಮಠಕ್ಕೋ ಹೋಗಿದೆ.

"ಐದು ಹಾಕಿ ನೋಡಲಿಲ್ಲವೇ?" ಎಂದರು ಅಜ್ಜನವರು.

"ಐದ ಹಾಕಿದರ ಒಂದು ಕಡಿಮಿ ಕಾಣ್ತದರಿ. ಕೈ ಒಪ್ಪಲಿಲ್ಲ."

ಅಜ್ಜನವರು ನನ್ನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹಿತ್ತಲಲ್ಲಿ ಬೋರಲು ಹಾಕಿದ್ದ ಹಳೆಯ ಗಡಿಗೆಯೊಳಗೆ ಜೇನು ಕಟ್ಟಿತು. ಅವನು ದಿನವೂ ಗಡಿಗೆ ಎತ್ತಿ ನೋಡುತ್ತಿದ್ದ. ಯಾವ ಮನೆ ನೋಡಿದರೂ ಆರು ಗೋಡೆ. ಆ ಹುಳುಗಳ ಹತ್ತಿರ ಅಳತೆಗೋಲಿಲ್ಲ, ದಾರವಿಲ್ಲ. ಆದರೂ ಆರು. ಲೋಕ ನೆಟ್ಟಗಿದೆ ಎಂದು ಅವನಿಗೆ ಬಹಳ ಸಮಾಧಾನವಾಯಿತು.

ಒಂದು ದಿನ ಗೂಡಿನ ನಡುವೆ ಐದು ಗೋಡೆಯ ಮನೆಗಳು ಕಂಡವು. ರೈತನಿಗೆ ಊಟ ಸೇರಲಿಲ್ಲ. ಮುಳ್ಳಿನ ತುದಿಗೆ ಮೇಣ ಹಚ್ಚಿಕೊಂಡು ಬಂದು, ಒಂದೊಂದು ಮನೆಗೂ ಆರನೆಯ ಗೋಡೆ ಮೆತ್ತಿದ. ಬೆಳಗಾಗುವುದರಲ್ಲಿ ಹುಳುಗಳು ಅದನ್ನು ಕಿತ್ತುಹಾಕಿದ್ದವು. ಮತ್ತೆ ಮೆತ್ತಿದ. ಮತ್ತೆ ಕಿತ್ತವು. ಮೂರನೆಯ ದಿನ ಅವನ ಮುಖಕ್ಕೇ ಕಚ್ಚಿದವು.

ಸೊಸೆ ಅರಿಸಿನ ತಂದು ಹಚ್ಚುತ್ತ ನಕ್ಕಳು. "ಏನ್ರಿ ಮಾವಾ, ಹುಳಕ್ಕ ಎಣಿಕಿ ಕಲಸಾಕ ಹೋಗಿ ಮಾರಿ ಉಬ್ಬಿಸಿಕೊಂಡು ಬಂದ್ರಲ್ಲ! ಮನಿ ಅವುಂದೋ ನಿಮ್ಮದೋ?"

ನಾಲ್ಕನೆಯ ದಿನ ರೈತ ಮುಳ್ಳು ಹಿಡಿಯಲಿಲ್ಲ. ಸುಮ್ಮನೆ ಕೂತು ನೋಡಿದ. ಹುಳುಗಳು ಗಡಿಗೆಯ ಆ ಬದಿಯಿಂದ ಒಂದಿಷ್ಟು, ಈ ಬದಿಯಿಂದ ಒಂದಿಷ್ಟು ಕಟ್ಟಿಕೊಂಡು ಬಂದಿದ್ದವು. ನಡುವೆ ಕೂಡುವಾಗ ಅಲ್ಲಿ ಆರಕ್ಕೆ ಜಾಗವಿರಲಿಲ್ಲ. ಐದು ಕಟ್ಟಿ ಕೂಡಿಕೊಂಡಿದ್ದವು. ಆರನ್ನೇ ಹಿಡಿದಿದ್ದರೆ ಗೂಡು ಎರಡು ತುಂಡಾಗಿ ಉಳಿಯುತ್ತಿತ್ತು. ರೈತ ಇನ್ನಷ್ಟು ಬಗ್ಗಿ ನೋಡಿದ. ಐದು ಗೋಡೆಯ ಮನೆಗಳಲ್ಲೂ ಜೇನು ತುಂಬಿತ್ತು.

ಅಜ್ಜನವರು ಕತೆ ನಿಲ್ಲಿಸಿದರು.

"ಅದು ಹುಳದ ಮಾತಾತರಿ ಅಜ್ಜಾರ," ಎಂದೆ. "ನನ್ನ ಕೈ ಯಾಕ ಒಪ್ಪವಲ್ಲದು?"

ಅಜ್ಜನವರು ನನ್ನ ಮುಖ ನೋಡಿದರು.

"ಅವಳು ಬಿಡು ಎಂದ ಜಾಗವನ್ನೇ ನೀನು ತುಂಬುತ್ತ ಕೂತಿದ್ದೀಯಲ್ಲ, ಬಸಲಿಂಗಾ."

ಅವರ ಕಾಲು ಮುಟ್ಟಿ ಎದ್ದು ಬಂದೆ.

ಮರುದಿನ ಬೆಳಿಗ್ಗೆ ಗೋಡೆಗೆಂದು ಹೊಸ ಸೀಳುಗಳನ್ನು ತೆಗೆದೆ. ತಳ ಮುಗಿದು ಗೋಡೆ ಏಳುವಲ್ಲಿ ಬುಟ್ಟಿಗೆ ಆರು ಮೂಲೆ. ಮೂಲೆಗೊಂದರಂತೆ ಆರು ಸೀಳು ಬದಿಗಿಟ್ಟೆ. ಮಿಕ್ಕವನ್ನು ನೀರಿಗೆ ಹಾಕಿದೆ. ನೆನೆದ ಮೇಲೆ ನೀಲವ್ವ ಕೂರುತ್ತಿದ್ದ ಜಾಗದಲ್ಲಿ ಕೂತೆ. ಅಲ್ಲಿಂದ ನಾನು ಕೂರುವ ಜಾಗ ಕಾಣುತ್ತದೆ. ಅದೂ ನನಗೆ ಗೊತ್ತಿರಲಿಲ್ಲ.

ಮೊದಲನೆಯ ಮೂಲೆಗೆ ಬಂದೆ. ಐದಕ್ಕೆ ನಿಲ್ಲಿಸಿದೆ. ಕೈ ಆರನೆಯದಕ್ಕೆ ಹೋಯಿತು. ತಡೆದೆ. ಐದು ಸೀಳನ್ನೂ ಹತ್ತಿರ ಎಳೆದು ಬಿಗಿದೆ. ಹರಡಿ ಬಿದ್ದಿದ್ದ ಅಂಚು ಬಾಗಿತು, ಅಂಗೈ ಮಡಚಿದ ಹಾಗೆ. ಎರಡನೆಯ ಮೂಲೆಗೆ ಇನ್ನಷ್ಟು ಎದ್ದಿತು. ಆರನೆಯ ಮೂಲೆಗೆ ಬರುವಾಗ ಬುಟ್ಟಿ ನನ್ನ ತೊಡೆಯ ಮೇಲೆ ತಾನೇ ನಿಂತಿತ್ತು. ಅವಳ ತಳ, ಅದರ ಮೇಲೆ ನನ್ನ ಗೋಡೆ. ನನ್ನದು ಸ್ವಲ್ಪ ಸೊಟ್ಟ. ಅವಳಿದ್ದಿದ್ದರೆ ನಗುತ್ತಿದ್ದಳು.

ಬದಿಗಿಟ್ಟ ಆರು ಸೀಳು ಒಣಗಿಯೇ ಇದ್ದವು. ಅವುಗಳಿಂದ ಒಲೆ ಹಚ್ಚಿ, ಒಂದು ಲೋಟ ಚಹಾ ಮಾಡಿಕೊಂಡು ಕುಡಿದೆ.