ಯಾರೂ ಬೈಯದ ಹೆಂಗಸು

"ಕಾಕಾ, ನಮ್ಮಕ್ಕ ಕ್ಯಾನ್ಸರ್‌ನಿಂದ ಆರಾಮಾಗಿ ಮನಿಗೆ ಬಂದಾಳ. ಆಕಿ ಮುಂದ ನಾವು ಯಾರೂ ದನಿ ಏರಿಸಂಗಿಲ್ಲ. ಆದ್ರೂ ಆಕಿ ನಗಂಗಿಲ್ಲ. ಇನ್ನೇನು ಮಾಡಬೇಕ್ರಿ?" ಎಂದು ಶಿಷ್ಯ ಗುರುಸಿದ್ಧ ಕೇಳಿದ.

ಗರಡಿಮನೆಯ ಗುರು ಫಕ್ಕೀರಪ್ಪ ಕಾಕಾ ಎದೆಯುಬ್ಬಿಸಿದ. ಇದಕ್ಕೆ ಉತ್ತರ ಬಲ್ಲವರು ಏಳು ಜಿಲ್ಲೆಯಲ್ಲಿ ಇಬ್ಬರೇ, ಆ ಇನ್ನೊಬ್ಬನಿಗೆ ಕಲಿಸಿದವನೂ ತಾನೇ ಎಂದ. ಹೇಳುವುದೆಲ್ಲ ಅಕ್ಷರಶಃ ನಿಜವೆಂದು ಹನುಮಂತದೇವರ ಆಣೆಯಿಟ್ಟು ಕತೆ ಶುರುಮಾಡಿದ.

ಒಂದು ಊರಿನಲ್ಲಿ ಖಾನಾವಳಿಗೆ ರೊಟ್ಟಿ ಬಡಿಯುವ ಹೆಂಗಸೊಬ್ಬಳಿದ್ದಳು. ಅವಳ ರೊಟ್ಟಿ ಎಷ್ಟು ತೆಳುವೆಂದರೆ, ಅಡ್ಡ ಹಿಡಿದು ಗ್ರಹಣ ನೋಡಬಹುದಿತ್ತು. ಅವಳ ಜಗಳ ರೊಟ್ಟಿಗಿಂತ ಪ್ರಸಿದ್ಧ. ಬೆಳಗ್ಗೆ ಅತ್ತೆ ಸೊಸೆ ಜಗಳ ತೆಗೆದರೆ ಓಣಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಅವಳಿಗೆ ಸ್ತನ ಕ್ಯಾನ್ಸರ್ ಆಯಿತು. ಶಸ್ತ್ರಚಿಕಿತ್ಸೆ, ಕಿಮೋ ಎಲ್ಲ ಮುಗಿಸಿ ಬಂದಳು. ಮನೆ ಬದಲಾಗಿತ್ತು. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಅತ್ತೆ ಪೂರ್ತಿ ಉಂಡು, "ಛಲೋ ಆಗೇತವ್ವಾ" ಅಂದಳು. ಮರುದಿನ ಸೊಸೆ ಬೇಕೆಂದೇ ತುಪ್ಪದ ಗಿಂಡಿ ಉರುಳಿಸಿದಳು. ಅತ್ತೆ ಸದ್ದಿಲ್ಲದೆ ಒರೆಸಿದಳು. ಸೊಸೆಗೆ ಭಯವಾಯಿತು. ಕಾಯಿಲೆಗೂ ಅಷ್ಟು ಹೆದರಿರಲಿಲ್ಲ. ಆ ಮನೆಯಲ್ಲಿ ಅತ್ತೆ ಬೈಯದೆ ಬಿಟ್ಟಿದ್ದು ಒಬ್ಬರನ್ನೇ, ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿದ್ದ ಮಾವನನ್ನು. ಈಗ ತನ್ನನ್ನೂ ಆ ಗೋಡೆಗೇ ಸೇರಿಸಿದ್ದಾರೆ ಎನಿಸಿತು.

ಆಸ್ಪತ್ರೆಯ ನರ್ಸ್ ಹೇಳಿದ ಮೇಲೆ ಒಂದು ಸಂಜೆ ಶಾಲೆಯ ಮೈದಾನಕ್ಕೆ ಹೋದಳು. ಅವಳಂತೆಯೇ ಕ್ಯಾನ್ಸರ್ ದಾಟಿ ಬಂದ ಹೆಂಗಸರು ಅಲ್ಲಿ ಥ್ರೋಬಾಲ್ ಆಡುತ್ತಿದ್ದರು. ಮೊದಲ ಚೆಂಡೇ ಕೈಜಾರಿತು. ಆಗಷ್ಟೇ ತಲೆಗೂದಲು ಚಿಗುರುತ್ತಿದ್ದ ನಾಯಕಿ ಕೂಗಿದಳು: "ಏನವಾ, ಕೈಗೆ ಎಣ್ಣಿ ಹಚ್ಚಿಕೊಂಡು ಬಂದೀಯೇನು?"

ಎಷ್ಟು ತಿಂಗಳ ಮೇಲೆ ಒಂದು ಬೈಗುಳ! ರೊಟ್ಟಿಯವಳ ಮೈಯೆಲ್ಲ ಚುರುಕಾಯಿತು. "ನೀ ಒಗೆದಿದ್ದು ಚೆಂಡೋ, ಕುಂಬಳಕಾಯೋ?" ಎಂದು ತಿರುಗಿ ಕೇಳಿದಳು. ಮರುದಿನ ಎಲ್ಲರಿಗಿಂತ ಮೊದಲು ಬಂದಳು. ಶಸ್ತ್ರಚಿಕಿತ್ಸೆಯಿಂದ ಬಿಗಿದುಕೊಂಡಿದ್ದ ತೋಳು ಆಡುತ್ತಾ ಆಡುತ್ತಾ ಸಡಿಲಾಯಿತು. ಆದರೆ ಮನೆಯಲ್ಲಿ ಮಾತ್ರ ಅದೇ "ಛಲೋ ಆಗೇತವ್ವಾ."

ಶಾಲೆಯ ಟೀಚರುಗಳೊಂದಿಗೆ ಪಂದ್ಯ ಗೊತ್ತಾಯಿತು. ಊರೇ ಸೇರಿತು, ಅತ್ತೆಯೂ ಬಂದಳು. ಟೀಚರುಗಳು ಪಾಪವೆಂದುಕೊಂಡು, ಉಡಿ ತುಂಬುವಾಗ ತೆಂಗಿನಕಾಯಿ ಇಟ್ಟಷ್ಟು ಮೆಲ್ಲಗೆ ಚೆಂಡನ್ನು ಇವರ ಕೈಗೇ ಹಾಕತೊಡಗಿದರು. ರೊಟ್ಟಿಯವಳು ಚೆಂಡು ಹಿಡಿದುಕೊಂಡು ಆಟವನ್ನೇ ನಿಲ್ಲಿಸಿದಳು.

"ಅಕ್ಕಾರ, ನಾವಿಲ್ಲಿ ಉಡಿ ತುಂಬಿಸಿಕೊಳ್ಳಾಕ ಬಂದಿಲ್ಲ. ಹೊಡೀರಿ."

ಹೊಡೆದರು ನೋಡು, ಮೈದಾನದಲ್ಲಿ ಧೂಳೆದ್ದಿತು. ಇವಳು ತಿರುಗಿ ಎಸೆದ ಚೆಂಡಿನ ಗಾಳಿಗೆ ಕಾಂಪೌಂಡಿನ ಮೇಲಿದ್ದ ಕಾಗೆ ಹಾರಿ ಪಕ್ಕದ ಜಿಲ್ಲೆಯಲ್ಲಿ ಹೋಗಿ ಕೂತಿತು. ಅಂಕ ಸಮಸಮ. ಕೊನೆಯ ಚೆಂಡು ಇವಳ ಕಡೆಗೇ ಬಂತು. ಜಿಗಿದು ಹಿಡಿದಳು, ತಿರುಗಿ ಬೀಸಿದಳು. ಆ ಕಡೆಯ ಯಾರಿಗೂ ಅದು ದಕ್ಕಲಿಲ್ಲ. ಗೆದ್ದರು.

ಗುರುಸಿದ್ಧ ತೊಡೆ ತಟ್ಟಿ ಎದ್ದೇಬಿಟ್ಟ. ಕಾಕಾ ಅವನ ಭುಜ ಹಿಡಿದು ಕೂರಿಸಿದ.

"ತಡಿ. ಅದರಾಗ ಒಂದು ಸಣ್ಣ ಸಂಗತಿ ನಾನ ಸೇರಿಸಿದ್ದು."

"ಕಾಗೀದೇನ್ರಿ, ಕಾಕಾ?"

"ಕಾಗಿ ಖರೇ, ಗೆದ್ದಿದ್ದು ಸುಳ್ಳು. ಕೊನೀ ಚೆಂಡು ಆಕಿ ಕೈಬಿಟ್ಟು ಸೋತ್ಳು, ಅವತ್ತು ಆಕಿ ಅತ್ತಿ ಬೈದಿದ್ದು ಊರಿಗೆಲ್ಲ ಕೇಳಿಸ್ತು."