ಬುತ್ತಿಯ ಹಿಂದೆ ಓಡಿದ ದಳವಾಯಿ

ಗೆಲ್ಲುತ್ತಿರುವ ಯುದ್ಧಕ್ಕೆ ಯಜಮಾನರು ಜಾಸ್ತಿ. ಶತ್ರುವಿಗೆ ಉಳಿದದ್ದು ಒಂದೇ ಕೋಟೆ. ಅದನ್ನು ಇನ್ನೊಬ್ಬ ದಳವಾಯಿ ಮೊದಲು ಹಿಡಿದುಬಿಟ್ಟರೆ ಎಂದು ದಳವಾಯಿ ಕೆಂಚರಾಜಯ್ಯನಿಗೆ ನಿದ್ದೆಯಿಲ್ಲ. ದಂಡಿನ ದವಸ ಹೊರಿಸುವ ಎತ್ತಿನವನನ್ನು ಕರೆಸಿ ಗುಡುಗಿದ:

"ಕೋಟೆ ಬಾಗಿಲು ಮುಟ್ಟುವ ತನಕ ಯಾರು ಹೇಳಿದರೂ ನಿಲ್ಲಿಸಬೇಡ. ನಿಂತ ಎತ್ತನ್ನು ಕಡಿಸಿಬಿಡ್ತೀನಿ!"

"ಮಲಗಿ ಮೆಲುಕು ಹಾಕದಿದ್ದರೆ ಎತ್ತು ಬದುಕೋದಿಲ್ಲ, ಬುದ್ಧೀ."

"ಎದುರು ಮಾತಾಡ್ತೀಯಾ? ನಡಿ!"

ಎತ್ತಿನವನು ದಂಡಿನ ಅಕ್ಕಿಯ ಜೊತೆ ದಳವಾಯಿಯ ಬುತ್ತಿಯನ್ನೂ ಹೇರಿಕೊಂಡು ಹೊರಟ. ಮಧ್ಯಾಹ್ನ ಕೋಟೆ ಕಣ್ಣಿಗೆ ಬಿದ್ದಾಗ ದಂಡು ಊಟಕ್ಕೆಂದು ನೆರಳಲ್ಲಿ ಕೂತಿತು. ಎತ್ತುಗಳು ಅವರ ಮುಂದೆಯೇ ಹಾದುಹೋದವು.

"ಲೋ, ನಿಲ್ಲಿಸೋ! ನನ್ನ ಬುತ್ತಿ!"

"ಯಾರು ಹೇಳಿದರೂ ನಿಲ್ಲಿಸಬೇಡ ಅಂದೋರು ತಾವೇ, ಬುದ್ಧೀ! ನನ್ನ ಎತ್ತು ಉಳೀಬೇಕಲ್ಲ!"

ಬುತ್ತಿಯ ಹಿಂದೆ ದಳವಾಯಿ ಓಡಿದ, ದಳವಾಯಿಯ ಹಿಂದೆ ಹಸಿದ ದಂಡೆಲ್ಲ ಕೂಗುತ್ತ ಓಡಿತು. ಕೋಟೆಯವರು ಅದನ್ನು ಕಂಡು, "ಇಂಥ ರೋಷ ಎಲ್ಲೂ ನೋಡಿಲ್ಲಪ್ಪ" ಎಂದು ಬಾಗಿಲು ತೆರೆದು ಶರಣಾದರು.

ಅರಸರು ಬಂದಾಗ ದಳವಾಯಿಯೂ ಎತ್ತುಗಳೂ ಅಕ್ಕಪಕ್ಕ ಕೂತು ಮೆಲ್ಲುತ್ತಿದ್ದರು.

"ಭಲೆ ದಳವಾಯಿ! ಊಟ ಬಿಟ್ಟು ಕೋಟೆಗೆ ನುಗ್ಗಿದಿರಂತೆ!"

ಕೆಂಚರಾಜಯ್ಯ ತುತ್ತು ನುಂಗಿ, ಎತ್ತಿನವನ ಕಿವಿಯಲ್ಲಿ, "ಬಾಯಿ ಬಿಡಬೇಡ್ವೋ" ಎಂದ.

"ಬಿಡೋದಿಲ್ಲ ಬುದ್ಧೀ. ವಾಪಸು ಹೋಗುವಾಗ ಮಾತ್ರ, ಎತ್ತು ಮಲಗಿದ ಕಡೆ ದಂಡೂ ಮಲಗಲಿ."