ಸೋತವನ ಮನೆಯ ಊಟ

“ಗುರುಗಳೇ, ಸೋಲುವ ಮೊದಲೇ ನಿಲ್ಲಿಸಿಬಿಡುವುದು ಜಾಣತನವಲ್ಲವೇ?” ಎಂದು ಶಿಷ್ಯ ಕೇಳಿದ.

ಶಿಷ್ಯ ತರ್ಕದಲ್ಲಿ ಗಟ್ಟಿಗ. ಮಠಕ್ಕೆ ವಾದಕ್ಕೆಂದು ಬಂದ ಪಂಡಿತರನ್ನೆಲ್ಲ ಸೋಲಿಸಿದ್ದ. ಸೋತವರು ಮಠದಲ್ಲಿ ಉಣ್ಣದೆಯೇ ಹೊರಟುಹೋಗಿದ್ದರು. ಮರುದಿನ ದೂರದ ಊರಿನಿಂದ ಇನ್ನೊಬ್ಬ ಪಂಡಿತ ಬರುವವನಿದ್ದ. ಆತ ಬಲು ಚುರುಕು ಎಂಬ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಮೈ ಹುಷಾರಿಲ್ಲವೆಂದು ಒಂದು ಮಾತು ಹೇಳಿ ಕಳಿಸಿದರೆ ಸಾಕು, ಸೋಲಿಲ್ಲದವನೆಂಬ ಹೆಸರು ಹಾಗೇ ಉಳಿಯುತ್ತದೆ ಎಂದು ಶಿಷ್ಯ ಯೋಚಿಸಿದ್ದ.

ಗುರು ನಕ್ಕರು. ಕೂತುಕೋ ಎಂದು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಜಟ್ಟಿ ಇದ್ದ. ಅವನದು ಮುಷ್ಟಿಕಾಳಗ. ಇಬ್ಬರು ಜಟ್ಟಿಗಳು ತಲೆ ಬೋಳಿಸಿಕೊಂಡು, ಒಂದು ಜುಟ್ಟು ಮಾತ್ರ ಬಿಟ್ಟು, ಬಲಗೈಗೆ ಕೊಂಬಿನಲ್ಲಿ ಕಡೆದ ಮೊನೆಯುಳ್ಳ ವಜ್ರಮುಷ್ಟಿಯನ್ನು ತೊಟ್ಟು ಎದುರುಬದುರು ನಿಲ್ಲುತ್ತಾರೆ. ಯಾರ ತಲೆಯಲ್ಲಿ ಮೊದಲು ಒಂದು ಹನಿ ರಕ್ತ ಕಾಣುತ್ತದೋ ಅವನು ಸೋತ. ಅಲ್ಲಿಗೆ ಕಾಳಗ ಮುಗಿಯಿತು.

ಆ ಸೀಮೆಯ ಜಟ್ಟಿಗಳಲ್ಲಿ ಇನ್ನೊಂದು ಪದ್ಧತಿ ಇತ್ತು. ಗೆದ್ದವನು ಮರುದಿನ ಅರಿಶಿನ, ಬೆಣ್ಣೆ ಹಿಡಿದು ಸೋತವನ ಮನೆಗೆ ಹೋಗಬೇಕು. ತಾನು ಮಾಡಿದ ಗಾಯಕ್ಕೆ ತಾನೇ ಮದ್ದು ಹಚ್ಚಬೇಕು. ಆಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಉಣ್ಣಬೇಕು. ಅಖಾಡದ ಸಿಟ್ಟು ಅಖಾಡದಲ್ಲೇ ಇರಲಿ, ಮನೆಗೆ ಬರುವುದು ಬೇಡ ಎಂದು ಹಿರಿಯರು ಮಾಡಿದ ಏರ್ಪಾಡು ಅದು. ಹೀಗಾಗಿ ಇಂದು ಸೋತವನ ಮನೆಯಲ್ಲಿ ನಾಳೆ ಹಬ್ಬದಡುಗೆ. ಸೋತು ಗೆದ್ದು, ಗೆದ್ದು ಸೋತು ಜಟ್ಟಿಗಳೆಲ್ಲ ಒಬ್ಬರಿಗೊಬ್ಬರು ನೆಂಟರಂತಾಗಿದ್ದರು.

ನಮ್ಮ ಜಟ್ಟಿ ಮಾತ್ರ ಒಮ್ಮೆಯೂ ಸೋತವನಲ್ಲ. ಉಳಿದವರ ತಲೆಯ ತುಂಬ ಹಳೆಯ ಗಾಯದ ಗೆರೆಗಳಿದ್ದರೆ ಅವನ ತಲೆ ಬದನೆಕಾಯಿಯ ಹಾಗೆ ನುಣುಪಾಗಿತ್ತು. ಅವನು ಎಲ್ಲರ ಮನೆಯಲ್ಲೂ ಉಂಡಿದ್ದ. ಯಾರ ಮನೆಯ ಸಾರು ಖಾರ, ಯಾರ ಮನೆಯ ಹೋಳಿಗೆ ಮೆದು ಎಂಬುದೆಲ್ಲ ಅವನಿಗೆ ಬಾಯಿಪಾಠ. ಅವನ ಮನೆಗೆ ಅರಿಶಿನ ಹಿಡಿದು ಬಂದವರು ಮಾತ್ರ ಒಬ್ಬರೂ ಇಲ್ಲ. ಒಂದು ಸಲ ತಾನಾಗಿಯೇ ಊಟಕ್ಕೆ ಕರೆದು ನೋಡಿದ್ದ. ಗೆದ್ದವನ ಜಂಬದ ಊಟ ಯಾರಿಗೆ ಬೇಕು ಎಂದು ಒಬ್ಬೊಬ್ಬರೂ ಒಂದೊಂದು ನೆಪ ಹೇಳಿ ತಪ್ಪಿಸಿಕೊಂಡರು.

ಜಟ್ಟಿಯ ಹೆಂಡತಿಯ ಕೈಯಡುಗೆ ಬಲು ರುಚಿ. ಉಣಿಸಿ ಸಂತೋಷಪಡುವ ಜೀವ ಅದು. ಗಂಡ ಗೆದ್ದು ಬಂದಾಗಲೆಲ್ಲ ಆರತಿ ಎತ್ತುವಳು. ಮರುದಿನ ಅವನು ಸೋತವನ ಮನೆಗೆ ಉಣ್ಣಲು ಹೊರಟರೆ ಒಬ್ಬಳೇ ಕೂತು ಉಣ್ಣುವಳು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

“ಏನೂಂದ್ರೆ, ಊರೋರ್ ಮನೇಲೆಲ್ಲಾ ಉಂಡ್ಕೊಂಡ್ ಬರ್ತೀರಿ. ನಮ್ಮನೇಲಿ ಎಲೆ ಹಾಕೋದು ಯಾವಾಗ?”

“ನನ್ನ ಗೆದ್ದೋನು ಬರ್ಬೇಕು ಕಣೇ. ಅವ್ನಿನ್ನೂ ಹುಟ್ಟಿಲ್ಲ,” ಎಂದು ಜಟ್ಟಿ ಮೀಸೆ ತಿರುವಿದ.

ಅವಳು ನಗಲಿಲ್ಲ. ಜಟ್ಟಿಗೆ ಒಳಗೊಳಗೇ ಪಿಚ್ಚೆನಿಸಿತು. ಆದರೆ ಹೆಸರಿನ ರುಚಿ ಹತ್ತಿದ ನಾಲಗೆಗೆ ಬೇರೆ ರುಚಿ ಹತ್ತುವುದು ಕಷ್ಟ.

ಹಿಂದಿನ ಕಾಲದಲ್ಲಿ ಒಬ್ಬ ಹಿರಿಯ ಜಟ್ಟಿ ಸಾಯುವವರೆಗೂ ಸೋಲದೆ ನಿಂತಿದ್ದನೆಂದು ಗರಡಿಮನೆಗಳಲ್ಲಿ ಹೇಳುತ್ತಿದ್ದರು. ಇನ್ನೊಂದೇ ಒಂದು ಕಾಳಗ ಗೆದ್ದರೆ ನಮ್ಮ ಜಟ್ಟಿ ಗೆಲುವಿನ ಲೆಕ್ಕದಲ್ಲಿ ಆ ಹಿರಿಯನನ್ನೂ ದಾಟುತ್ತಿದ್ದ. ಹರೆಯದ ಜಟ್ಟಿಯೊಬ್ಬ ಎದುರು ನಿಲ್ಲಲು ಒಪ್ಪಿದ. ಅಂದಿನಿಂದ ನಮ್ಮವನಿಗೆ ಅನ್ನ ಸೇರಲಿಲ್ಲ. ಮೊದಲೆಲ್ಲ ಎದುರಾಳಿಯ ಭುಜದ ಮೇಲೆ ಕಣ್ಣಿಡುತ್ತಿದ್ದವನು ಈಗ ಕನ್ನಡಿ ಹಿಡಿದು ತನ್ನ ತಲೆಯನ್ನೇ ನೋಡಿಕೊಳ್ಳತೊಡಗಿದ. ಗೆಲ್ಲುವ ಆಸೆ ಹಿಂದೆ ಸರಿದು, ತಲೆ ಉಳಿಸಿಕೊಳ್ಳುವ ಚಿಂತೆ ಮುಂದೆ ಬಂದಿತ್ತು.

ಕಾಳಗದ ದಿನ ಆ ಯುವಕ ಕೈ ಬೀಸಿದ. ಅದು ಗುರಿ ತಪ್ಪಿದ ಏಟು. ನಮ್ಮ ಜಟ್ಟಿ ಸುಮ್ಮನೆ ನಿಂತಿದ್ದರೂ ತಗಲುತ್ತಿರಲಿಲ್ಲ. ಆದರೆ ಅವನು ಹೆದರಿದ. ಹುಟ್ಟಿದಂದಿನಿಂದ ಮಾಡದ ಕೆಲಸವನ್ನು ಮಾಡಿದ. ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡ. ಬಲಗೈಯಲ್ಲಿದ್ದ ವಜ್ರಮುಷ್ಟಿಯ ಮೊನೆ ಅವನ ನೆತ್ತಿಯನ್ನೇ ಗೀರಿತು. ರಕ್ತ ಹಣೆಗಿಳಿಯಿತು.

ಜನ ದಂಗಾದರು. ಯುವಕ ಕೈ ಕೆಳಗಿಳಿಸಿ, ನಾನು ಮುಟ್ಟಿಯೇ ಇಲ್ಲ ಎಂದ. ಸ್ವಂತ ಕೈಯಿಂದ ಆದ ಗಾಯ, ಇದು ಸೋಲೇ ಅಲ್ಲ ಎಂದು ಜಟ್ಟಿಯ ಕಡೆಯವರು ಕೂಗಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಗಾದೆಯೇ ಇದೆ. ಈ ಜಟ್ಟಿಯಂತೂ ಬಿದ್ದೂ ಇರಲಿಲ್ಲ. ತೀರ್ಪು ಹೇಳಬೇಕಾದ ಮುದಿ ಉಸ್ತಾದರು ಗಡ್ಡ ನೀವಿಕೊಂಡು, ನೀನೇ ಹೇಳಪ್ಪ ಎಂದು ಅವನಿಗೇ ಬಿಟ್ಟರು. ಸೋತಿಲ್ಲ ಎಂದು ಒಂದು ಮಾತು ಹೇಳಿದ್ದರೆ ಕಾಳಗ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಹೆಸರೂ ಉಳಿಯುತ್ತಿತ್ತು.

ಜಟ್ಟಿ ಹಣೆ ಒರೆಸಿಕೊಂಡು ಬೆರಳನ್ನು ನೋಡಿದ. ಇಷ್ಟು ದಿನ ಹೆದರಿದ್ದು ಇಷ್ಟಕ್ಕೇನಾ ಎನ್ನಿಸಿ ಅವನಿಗೆ ನಗು ಬಂತು. ಮನೆಯಲ್ಲಿ ಒಬ್ಬಳೇ ಕೂತು ಉಣ್ಣುವ ಹೆಂಡತಿ ನೆನಪಾದಳು.

“ಕೈ ಯಾರ್ದಾದ್ರೇನಪ್ಪ, ಹೆದರ್ಸಿದ್ದು ನೀನೇ. ನಾನು ಸೋತೆ. ನಾಳೆ ಅರಿಶಿನ ತಗೊಂಡ್ ಮನೆಗ್ ಬಾ,” ಎಂದ.

ಮರುದಿನ ಯುವಕ ಬಂದ. ಅವನೊಬ್ಬನೇ ಅಲ್ಲ, ಹಿಂದೆ ನಮ್ಮ ಜಟ್ಟಿಗೆ ಸೋತವರೆಲ್ಲ ಬಂದರು. ಒಬ್ಬೊಬ್ಬರ ಕೈಯಲ್ಲೂ ಅರಿಶಿನ. ಪುಟ್ಟ ಗೀರಿಗೆ ಎಲ್ಲರೂ ಸೇರಿ ಹಚ್ಚಿದ್ದೇ ಹಚ್ಚಿದ್ದು. ಬೋಳುತಲೆ ಮದುವೆಗಂಡಿನ ಮುಖದ ಹಾಗೆ ಹಳದಿಯಾಯಿತು. ಎಲೆ ಸಾಲದೆ ನೆರೆಮನೆಯಿಂದ ತಂದರು. ಜಟ್ಟಿಯ ಹೆಂಡತಿ ಬೇಡಬೇಡವೆಂದವರನ್ನು ಗದರಿಸಿ ಗದರಿಸಿ ಬಡಿಸಿದಳು. ನಿನಗಿಂತ ನಿನ್ನ ಹೆಂಡತಿಯ ಹೊಡೆತವೇ ಜೋರು ಎಂದು ಹೊಟ್ಟೆ ಹಿಡಿದುಕೊಂಡು ಜಟ್ಟಿಗಳು ನಕ್ಕರು. ಎಷ್ಟೋ ದಿನಗಳ ಮೇಲೆ ಜಟ್ಟಿಗೆ ಹಸಿವಾಯಿತು. ಹೊಟ್ಟೆ ತುಂಬ ಉಂಡ. ಸುಖವಾಗಿ ಬಾಳಿದ.

ಕತೆ ಮುಗಿಯಿತು. ಶಿಷ್ಯ ಮತ್ತೆ ಕೇಳಿದ.

“ಹಾಗಾದರೆ ನಾಳೆಯ ವಾದದಲ್ಲಿ ನಾನು ಸೋಲಬೇಕೇ, ಗುರುಗಳೇ?”

“ಗೆಲ್ಲು, ಇಲ್ಲವೇ ಸೋಲು, ನಾಳೆ ಬರುವವನಾದರೂ ನಮ್ಮಲ್ಲಿ ಉಂಡು ಹೋಗುವ ಹಾಗೆ ನೋಡಿಕೋ,” ಎಂದರು ಗುರು.

ನಾಳೆ ಒಂದು ಎಲೆ ಹೆಚ್ಚು ಹಾಕಿ ಎಂದು ಹೇಳಲು ಶಿಷ್ಯ ಎದ್ದು ಅಡುಗೆಮನೆಗೆ ನಡೆದ.